ಇಡೀ ಜಿಲ್ಲೆಗೆ ಒಂದೇ ಬಣ್ಣ, ಸಿಡಿಲು ಮಾತ್ರ ಯಾರ ತೋಟಕ್ಕೆ?

ಪೆರ್ಲ ಮಾಷ್ಟ್ರು:

ಎಲ್ಲರಿಗೂ ನಮಸ್ಕಾರ. ವಿಷು ಕಳೆದ ಮೇಲೆ ನನಗೆ ದಿನಾ ಬರುವ ಪ್ರಶ್ನೆ ಒಂದೇ: "ಮಾಷ್ಟ್ರೇ, ಇವತ್ತು ಗುಡುಗು ಉಂಟಾ?" ಫೋನಿನಲ್ಲಿ ಒಂದೇ ಮಾತಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತಿನಲ್ಲಿ ಓದಿ.

ಮೊದಲು ಕಳೆದ ವಾರದ ಸಂಗತಿ. ಸೋಮವಾರ ಹವಾಮಾನ ಇಲಾಖೆಯ ನಕ್ಷೆಯಲ್ಲಿ ನಮ್ಮ ಕಾಸರಗೋಡು ಜಿಲ್ಲೆಗೆ ಹಳದಿ ಎಚ್ಚರಿಕೆ ಇತ್ತು. ನೆರೆಮನೆಯವರು ಅಂಗಳದ ಅಡಿಕೆ ಎಲ್ಲ ಒಟ್ಟು ಮಾಡಿ ಟರ್ಪಾಲು ಹೊದೆಸಿ ಕಾದರು. ಒಂದು ಹನಿ ಬೀಳಲಿಲ್ಲ. ಮಂಗಳವಾರ ನಕ್ಷೆಯಲ್ಲಿ ಬಣ್ಣವೇ ಇರಲಿಲ್ಲ. ಅವರು ಧೈರ್ಯವಾಗಿ ತೋಟಕ್ಕೆ ಇಳಿದು ಅಲ್ಯೂಮಿನಿಯಂ ದೋಟಿ ಹಿಡಿದು ಕಾಯಿ ತೆಗೆಯುತ್ತಿದ್ದರು. ನಾಲ್ಕೂವರೆಗೆ ಮೂಡು ದಿಕ್ಕಿನಲ್ಲಿ ಗುಡುಗಿತು. "ದೂರ ಉಂಟು, ಇನ್ನೆರಡು ಮರ" ಅಂದರು. ಹತ್ತು ನಿಮಿಷ ಆಗಿರಲಿಕ್ಕಿಲ್ಲ, ತೋಟದ ಆಚೆ ಬದಿಯ ತೆಂಗಿನ ಮರಕ್ಕೆ ಸಿಡಿಲು ಬಿತ್ತು. ನಾನು ಜಗಲಿಯಲ್ಲಿದ್ದೆ. ಸದ್ದಿಗೂ ಬೆಳಕಿಗೂ ನಡುವೆ ಅಂತರವೇ ಇರಲಿಲ್ಲ. ಮರದ ಸುಳಿಯಿಂದ ಬೂದು ಬಣ್ಣದ ಹೊಗೆ ಎದ್ದಿತು, ಕಾಂಡದ ಸಿಪ್ಪೆ ಮೇಲಿಂದ ಕೆಳಗೆ ಒಂದು ಅಂಗೈ ಅಗಲ ಹಾರಿಹೋಗಿತ್ತು. ಆಗಿನ್ನೂ ಮಳೆಯ ಒಂದು ಹನಿಯೂ ಬಿದ್ದಿರಲಿಲ್ಲ. ಅವರು ದೋಟಿ ಬಿಸಾಡಿ ಓಡಿ ಬಂದರು, ಏನೂ ಆಗಲಿಲ್ಲ, ದೇವರು ದೊಡ್ಡವನು.

ಸಂಜೆ ಅವರು ಹೇಳಿದ್ದು: "ಈ ಮುನ್ಸೂಚನೆ ಎರಡು ದಿನವೂ ಸುಳ್ಳು." ನನ್ನ ಪ್ರಕಾರ ಎರಡು ದಿನವೂ ಸುಳ್ಳಲ್ಲ, ನಾವು ಓದಿದ್ದು ತಪ್ಪು. ನಕ್ಷೆಯ ಹಳದಿ, ಕಿತ್ತಳೆ, ಕೆಂಪು ನಮ್ಮಲ್ಲಿ ಸಾಮಾನ್ಯವಾಗಿ ಮಳೆಯ ಪ್ರಮಾಣದ ಬಣ್ಣ. ಹಳದಿ ಅಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಮಳೆ ಎಲ್ಲೋ ಬೀಳಬಹುದು ಅಂತ. ಕಿತ್ತಳೆ 204.4ರ ತನಕ, ಕೆಂಪು ಅದಕ್ಕೂ ಮೇಲೆ. ಸಿಡಿಲಿಗೆ ಇಷ್ಟು ಮಳೆ ಬೇಡವೇ ಬೇಡ. 5 ಮಿ.ಮೀ. ಮಳೆ ಸುರಿಸುವ ಮೋಡವೂ ಆಳನ್ನು ಕೊಲ್ಲಬಲ್ಲದು. ಗುಡುಗಿನ ಎಚ್ಚರಿಕೆ ಅದೇ ಪ್ರಕಟಣೆಯಲ್ಲಿ ಕೆಳಗೆ ಬೇರೆ ಒಂದು ಸಾಲಿನಲ್ಲಿ ಇರುತ್ತದೆ: ಒಂದೆರಡು ಕಡೆ ಸಿಡಿಲು, ಗಂಟೆಗೆ 30ರಿಂದ 40 ಅಥವಾ 40ರಿಂದ 50 ಕಿ.ಮೀ. ವೇಗದ ಗಾಳಿ ಅಂತ. ಮಂಗಳವಾರವೂ ಆ ಸಾಲು ಇತ್ತು. ನಾವು ಬಣ್ಣ ನೋಡಿ ಮೊಬೈಲು ಕಿಸೆಗೆ ಹಾಕಿದೆವು.

ಮುಳ್ಳೇರಿಯ ಅಕ್ಕ:

ಮಾಷ್ಟ್ರೇ, "ಒಂದೆರಡು ಕಡೆ" ಅಂತ ದಿನಾ ಬರೆದರೆ ನಮಗೆ ಏನು ಉಪಕಾರ? ನಾವು ಹಲಸಿನ ಹಪ್ಪಳ ಮಾಡುವವರು. ಸೊಳೆ ಬೇಯಿಸಿ, ರುಬ್ಬಿ, ಒತ್ತಿ, ಚಾಪೆಯಲ್ಲಿ ಹರಡಿದ ಮೇಲೆ ಎರಡು ದಿನ ಒಳ್ಳೆ ಬಿಸಿಲು ಬೇಕು. ಈ ವರ್ಷ ಮುನ್ನೂರು ಹಪ್ಪಳ ಒದ್ದೆಯಾಗಿ ಬೂಸ್ಟು ಬಂತು. ಹಳದಿ ಕಂಡ ದಿನ ಎಲ್ಲ ಒಳಗಿಟ್ಟರೆ ಮೇ ತಿಂಗಳು ಪೂರ್ತಿ ಹಪ್ಪಳ ಇಲ್ಲ.

ಪೆರ್ಲ ಮಾಷ್ಟ್ರು:

ಅಕ್ಕಾ, ಆ ಮಾತಿಗೆ ಇಲಾಖೆಯಲ್ಲಿ ಲೆಕ್ಕ ಉಂಟು. "ಒಂದೆರಡು ಕಡೆ" ಅಂದರೆ ಮಳೆ ಅಳೆಯುವ ಕೇಂದ್ರಗಳಲ್ಲಿ ನೂರಕ್ಕೆ 25ರ ತನಕ. "ಕೆಲವು ಕಡೆ" ಅಂದರೆ 26ರಿಂದ 50, "ಹಲವು ಕಡೆ" 51ರಿಂದ 75, ಅದಕ್ಕೂ ಮೇಲೆ "ಹೆಚ್ಚಿನ ಕಡೆ". ಅಂದರೆ "ಒಂದೆರಡು ಕಡೆ" ಅಂದ ದಿನ ನಾಲ್ಕರಲ್ಲಿ ಮೂರು ಊರಿಗೆ ಮಳೆ ಇಲ್ಲದಿರುವುದೇ ಆ ಮುನ್ಸೂಚನೆಯ ಅರ್ಥ. ನಿಮ್ಮ ಹಪ್ಪಳ ಒಣಗಿದರೂ ಅದು ಸರಿ, ಅಡೂರಿನಲ್ಲಿ ಹೊಡೆದರೂ ಅದು ಸರಿ.

ಕಾಸರಗೋಡು ಜಿಲ್ಲೆ ಎಂದರೆ 1,992 ಚದರ ಕಿ.ಮೀ. ಒಂದು ಗುಡುಗಿನ ಮೋಡ ಐದರಿಂದ ಹತ್ತು ಕಿ.ಮೀ. ಅಗಲ, ಆಯುಸ್ಸು ಅರ್ಧದಿಂದ ಒಂದು ಗಂಟೆ. ಬೆಳಗ್ಗೆ ಕೂತು ಆ ಮೋಡ ಬದಿಯಡ್ಕದಲ್ಲಿ ಹುಟ್ಟುತ್ತದಾ ಪೈವಳಿಕೆಯಲ್ಲಿ ಹುಟ್ಟುತ್ತದಾ ಅಂತ ಹೇಳುವವರು ಜಗತ್ತಿನಲ್ಲಿ ಯಾರೂ ಇಲ್ಲ. 2025ರ ಮೇ 26ಕ್ಕೆ ನಮ್ಮ ದೇಶದ್ದೇ ಕಂಪ್ಯೂಟರ್ ಲೆಕ್ಕದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಬಂತಲ್ವಾ, ಅದು ನೆಲವನ್ನು 6 ಕಿ.ಮೀ. ಚೌಕಗಳಾಗಿ ಮಾಡಿ ಲೆಕ್ಕ ಹಾಕುತ್ತದೆ. ಯುರೋಪಿನದ್ದು ಸುಮಾರು 9 ಕಿ.ಮೀ. ಒಂದು ಮೋಡವೇ ಅಷ್ಟು ಅಗಲ ಇರುವಾಗ ಆ ಬಲೆಯಲ್ಲಿ ಅದರ ಆಕಾರ ಸರಿಯಾಗಿ ಸಿಗುವುದಿಲ್ಲ. ಆದರೆ ಇವತ್ತಿನ ಗಾಳಿ ಗುಡುಗಿಗೆ ಹದವಾಗಿದೆಯಾ ಇಲ್ಲವಾ ಅನ್ನುವುದು ಸಿಗುತ್ತದೆ. ಆದ್ದರಿಂದ ಮುನ್ಸೂಚನೆಯನ್ನು ಒಂದು ಸಲ ನೋಡಿ ಬಿಡುವುದಲ್ಲ, ದಿನಕ್ಕೆ ಮೂರು ಸಲ ನೋಡಬೇಕು. ಬೆಳಗ್ಗೆ ಹದ ನೋಡಿ, ಮಧ್ಯಾಹ್ನ ಮೋಡ ನೋಡಿ, ಕೊನೆಗೆ ಕಿವಿ ಕೊಡಿ.

ಅಡೂರು ಹುಡುಗ:

ಸರ್, ಹದ ಅಂದರೆ ಏನು ನೋಡಬೇಕು? ನಾನು ವಿಂಡಿ ಅನ್ನುವ ಹವಾಮಾನದ ಆ್ಯಪಿನಲ್ಲಿ ಕೇಪ್ ನೋಡುತ್ತೇನೆ. 2000 ತೋರಿಸಿದ ದಿನ ಏನೂ ಇಲ್ಲ, 1500 ಇದ್ದ ದಿನ ಮನೆಯ ಹಂಚು ಹಾರಿತು.

ಪೆರ್ಲ ಮಾಷ್ಟ್ರು:

ಒಳ್ಳೆ ಪ್ರಶ್ನೆ. ಕೇಪ್ ಅಂದರೆ ಬಿಸಿ ಗಾಳಿ ಮೇಲಕ್ಕೆ ಏರಲು ಸಿಗುವ ಶಕ್ತಿ. 1000ಕ್ಕಿಂತ ಕಡಿಮೆ ಇದ್ದರೆ ದುರ್ಬಲ, 2500 ದಾಟಿದರೆ ಜೋರು ಅಂತ ಪುಸ್ತಕದ ಲೆಕ್ಕ. ಆದರೆ ನಮ್ಮ ಕರಾವಳಿಯಲ್ಲಿ ಮೇ ತಿಂಗಳಲ್ಲಿ ಕೇಪ್ ಜಾಸ್ತಿ ಇರುವುದು ಮಾಮೂಲು. ಒಲೆಯಲ್ಲಿ ಸೌದೆ ತುಂಬಿದ ಹಾಗೆ. ಕಡ್ಡಿ ಗೀರಬೇಕಲ್ವಾ? ಗೀರುವುದು ಕಡಲ ಗಾಳಿ ಮತ್ತು ಘಟ್ಟ. ಹನ್ನೊಂದು ಗಂಟೆಯ ಹೊತ್ತಿಗೆ ಕಡಲ ಗಾಳಿ ಒಳಗೆ ನುಗ್ಗಲು ಶುರುಮಾಡುತ್ತದೆ. ಅದು ನೆಲದ ಬಿಸಿ ಗಾಳಿಗೆ ಗುದ್ದುವ ಕಡೆ, ಆಮೇಲೆ ಸುಳ್ಯ, ಮಡಿಕೇರಿ ಕಡೆಯ ಏರಿಗೆ ಹೊಡೆಯುವ ಕಡೆ ಗಾಳಿ ಮೇಲೇಳುತ್ತದೆ. ನಮ್ಮ ಮೋಡ ಹೆಚ್ಚಾಗಿ ಅಲ್ಲಿ ಹುಟ್ಟುವುದು.

ಹುಟ್ಟಿದ್ದು ನಮ್ಮ ಕಡೆಗೆ ಇಳಿಯುತ್ತದಾ? ಇದನ್ನು ಹೇಳುವುದು ಮೇಲಿನ ಗಾಳಿ. ವಿಂಡಿಯಲ್ಲಿ ಎತ್ತರವನ್ನು 3000 ಮೀಟರಿಗೆ ಇಡಿ. ಗಾಳಿ ಮೂಡಿನಿಂದ ಪಡುವಿಗೆ ಬೀಸುತ್ತಿದ್ದರೆ ಘಟ್ಟದ ಮೋಡ ಸಂಜೆ ನಮ್ಮ ತಲೆ ಮೇಲೆ ಬರುವ ಸಾಧ್ಯತೆ ಜಾಸ್ತಿ. ಪಡುವಿನಿಂದ ಬೀಸುತ್ತಿದ್ದರೆ ಅದು ಕೊಡಗಿನ ಕಡೆಗೇ ಹೋಗುತ್ತದೆ, ನಮಗೆ ದೂರದ ಮಿಂಚು ಮಾತ್ರ. ನನ್ನ ಡೈರಿಯಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಕೇಪ್ ಅಲ್ಲ, ಮೇಲಿನ ಗಾಳಿಯ ಈ ಬಾಣದ ದಿಕ್ಕು.

ಇನ್ನೊಂದು, ಇಲಾಖೆಯ ಪ್ರಕಟಣೆಯಲ್ಲಿ ವಿದರ್ಭದ ಕಡೆಯಿಂದ ಕರ್ನಾಟಕದ ಒಳನಾಡಿನ ಮೇಲೆ ತಮಿಳುನಾಡಿನ ತನಕ ಕಡಿಮೆ ಒತ್ತಡದ ಪಟ್ಟಿ ಉಂಟು ಅಂತ ಬರೆದಿದ್ದರೆ ಆ ದಿನ ಹಗುರವಾಗಿ ತೆಗೆದುಕೊಳ್ಳಬೇಡಿ. ಹಾಗೆಯೇ ಬೆಳಗ್ಗೆಯಿಂದಲೇ ಆಕಾಶ ಪೂರ್ತಿ ಮುಚ್ಚಿದ್ದರೆ ನೆಲ ಕಾಯುವುದಿಲ್ಲ, ಗುಡುಗು ಎಷ್ಟೋ ಸಲ ಕಡಿಮೆ. ಸ್ವಚ್ಛ ಬಿಸಿಲು, ಬೆವರು ಆರದ ಸೆಕೆ, ಈ ಎರಡೂ ಸೇರಿದ ದಿನವೇ ನೋಡಿಕೊಳ್ಳಬೇಕಾದ್ದು.

ಸೌದೆಯ ಲೆಕ್ಕ, ಅಂದರೆ ಕೇಪ್, ಬರುವುದು ಆಕಾಶಕ್ಕೆ ಬಿಡುವ ಹವಾಮಾನ ಬಲೂನಿನಿಂದ. ಜಗತ್ತಿನ ಎಲ್ಲ ಕಡೆ ಒಂದೇ ಹೊತ್ತಿಗೆ ಬಿಡುವ ವಾಡಿಕೆ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಮತ್ತು ಸಂಜೆ ಐದೂವರೆ. ನಮಗೆ ಹತ್ತಿರದ್ದು ಮಂಗಳೂರಿನ ಪಣಂಬೂರು. ಅದರ ಲೆಕ್ಕ ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದ ತಾಣದಲ್ಲಿ ಯಾರಿಗೂ ನೋಡಲು ಸಿಗುತ್ತದೆ.

ಬಾಯಾರು ತೋಟ:

ನನಗೆ ಬೇರೆ ಕಷ್ಟ. ನಮ್ಮ ತೋಟದ ಒಂದು ಬದಿ ಕೇರಳ, ತೋಡು ದಾಟಿದರೆ ದಕ್ಷಿಣ ಕನ್ನಡ. ನಮ್ಮ ಜಿಲ್ಲೆಯ ಎಚ್ಚರಿಕೆ ತಿರುವನಂತಪುರದಿಂದ, ಆಚೆಯದ್ದು ಬೆಂಗಳೂರಿನಿಂದ. ಎಷ್ಟೋ ದಿನ ಈಚೆ ಬಣ್ಣ ಇಲ್ಲ, ಆಚೆ ಹಳದಿ. ಮೋಡಕ್ಕೆ ಗಡಿ ಗೊತ್ತುಂಟಾ? ಮೇ ಕೊನೆಗೆ ಅಡಿಕೆಗೆ ಮೊದಲ ಮದ್ದು ಬಿಡಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮದ್ದು ಬಿಡುವ ಆಳು ಸಿಗುವುದೇ ಕಷ್ಟ, ಸಿಕ್ಕಿದ ದಿನ ಮಳೆ ಬಂದರೆ ಗೊನೆಗೆ ಹಿಡಿಯುವ ಮೊದಲೇ ತೊಳೆದು ಹೋಗುತ್ತದೆ.

ಪೆರ್ಲ ಮಾಷ್ಟ್ರು:

ನೀವು ಎರಡನ್ನೂ ನೋಡಿ, ಜೋರಿನದ್ದನ್ನು ನಂಬಿ. ಗಡಿಯಲ್ಲಿ ಇರುವ ನಮಗೆ ಅದೊಂದು ಅನುಕೂಲ ಅಂತಲೇ ತಿಳಿಯುತ್ತೇನೆ. ಮೂಡಿನ ಮೋಡ ಸುಳ್ಯ, ಪುತ್ತೂರು ದಾಟಿಯೇ ನಮಗೆ ಬರುವುದು, ಆಚೆಯ ಎಚ್ಚರಿಕೆ ನಮಗೆ ಎರಡು ಗಂಟೆ ಮುಂಚಿನ ಸುದ್ದಿ. ಮದ್ದು ಬಿಡುವುದಾದರೆ ಬೆಳಗ್ಗೆ ಆರೂವರೆಗೆ ಶುರುಮಾಡಿ ಹನ್ನೊಂದಕ್ಕೆ ನಿಲ್ಲಿಸಿ. ಮಳೆಗಾಲದ ಮುಂಚಿನ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲಿನದ್ದು. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರವೂ ಮಧ್ಯಾಹ್ನ 2ರಿಂದ ರಾತ್ರಿ 10ರ ತನಕ ಸಿಡಿಲಿನ ಸಾಧ್ಯತೆ ಜಾಸ್ತಿ ಅಂತಲೇ ಹೇಳುವುದು. ಬೆಳಗ್ಗೆ ಬಿಟ್ಟ ಮದ್ದಿಗೆ ಒಣಗಲು ಮೂರು ನಾಲ್ಕು ಗಂಟೆ ಸಿಗುತ್ತದೆ.

ಮಂಜೇಶ್ವರ ಕಡಲು:

ನಮಗೆ ಸಮಯ ತಲೆಕೆಳಗು. ಕಡಲಲ್ಲಿ ಗುಡುಗು ಜಾಸ್ತಿ ನಡುರಾತ್ರಿ ಕಳೆದ ಮೇಲೆ, ಬೆಳಗಿನ ಜಾವ. ದಡದ ಗಾಳಿ ಕಡಲಿಗೆ ಇಳಿಯುವ ಹೊತ್ತು. ಜೂನ್ 9ರ ನಡುರಾತ್ರಿಯಿಂದ 52 ದಿನ ಟ್ರಾಲಿಂಗ್ ನಿಷೇಧ, ಅದಕ್ಕೆ ಮೊದಲು ನಾಲ್ಕು ಕಾಸು ಮಾಡಬೇಕು ಅಂತ ಎಲ್ಲರೂ ಮೇ ಕೊನೆಯಲ್ಲಿ ಹೊರಡುತ್ತಾರೆ. ನನಗೆ ಸಿಡಿಲಿಗಿಂತ ಹೆದರಿಕೆ ಅದರ ಮುಂಚೆ ಬರುವ ಗಾಳಿಗೆ. ಕಪ್ಪು ಮೋಡದ ಕೆಳಗೆ ಬಿಳಿ ಗೆರೆಯಂತೆ ನೀರು ಏಳುವುದು ಕಂಡರೆ ಬಲೆ ಎಳೆಯುವುದಕ್ಕೂ ಹೊತ್ತು ಇಲ್ಲ.

ಪೆರ್ಲ ಮಾಷ್ಟ್ರು:

ನೀವು ಕಂಡದ್ದು ಸರಿ. ಮೇಲೆ ಮಳೆ ಆವಿಯಾಗಿ ತಣ್ಣಗಾದ ಗಾಳಿ ದಬಕ್ಕನೆ ಕೆಳಗೆ ಬಿದ್ದು ಸುತ್ತ ಹರಡುತ್ತದೆ. ನೆಲದ ಮೇಲೂ ಅಷ್ಟೇ. ಸೆಕೆಯಲ್ಲಿ ಒಮ್ಮೆಲೇ ತಣ್ಣನೆ ಗಾಳಿ ಮುಖಕ್ಕೆ ಬಡಿದು, ಒಣ ಸೋಗೆ ದಡದಡ ಬಿದ್ದು, ಮಣ್ಣಿನ ವಾಸನೆ ಬಂದರೆ ಆ ಮೋಡ ಹತ್ತಿರದಲ್ಲೇ ಉಂಟು. ಆ ತಂಪು ಗಾಳಿಯ ಅಂಚು ಬಿಸಿ ಗಾಳಿಯನ್ನು ಎತ್ತಿ ಇನ್ನೊಂದು ಮೋಡ ಹುಟ್ಟಿಸುತ್ತದೆ. ಹಾಗಾಗಿ ಒಂದು ಮಳೆ ನಿಂತ ಮೇಲೆ ಮುಗಿಯಿತು ಅಂತ ಗ್ರಹಿಸುವುದು ತಪ್ಪು.

ಮುಳ್ಳೇರಿಯ ಅಕ್ಕ:

ಮಧ್ಯಾಹ್ನ ಮೋಡ ನೋಡಿ ಅಂದಿರಿ. ಏನನ್ನು ನೋಡುವುದು? ಮೋಡ ದಿನಾ ಇರುತ್ತದೆ.

ಪೆರ್ಲ ಮಾಷ್ಟ್ರು:

ಅಕ್ಕಾ, ಒಂದೂವರೆಗೆ ಊಟ ಆದ ಮೇಲೆ ಅಂಗಳದಲ್ಲಿ ನಿಂತು ಮೂಡು ದಿಕ್ಕು ನೋಡಿ. ಮೋಡ ಹೂಕೋಸಿನಂತೆ ಗಟ್ಟಿ ಅಂಚು ಇಟ್ಟುಕೊಂಡು ನಿಮ್ಮ ಕಣ್ಣೆದುರೇ ಎತ್ತರ ಬೆಳೆಯುತ್ತಿದೆಯಾ? ಒಂದು ತೆಂಗಿನ ಗರಿಯ ತುದಿಗೆ ಸರಿ ಮಾಡಿ ನೋಡಿ, ಐದು ನಿಮಿಷದಲ್ಲಿ ಗರಿ ದಾಟಿ ಮೇಲೆ ಹೋದರೆ ಅದು ಸುಮ್ನೆ ಹೋಗುವ ಮೋಡ ಅಲ್ಲ. ಆಮೇಲೆ ತಲೆ ನೋಡಿ. ಗಟ್ಟಿ ಇದ್ದ ತಲೆ ಹಿಂಜಿದ ಹತ್ತಿಯ ಹಾಗೆ ಮಸುಕಾಗಲು ಶುರುವಾದರೆ ಮೇಲೆ ಮಂಜುಗಡ್ಡೆ ಆಗುತ್ತಿದೆ ಅಂತ ಅರ್ಥ. ನಮ್ಮಲ್ಲಿ ಸುಮಾರು 5 ಕಿ.ಮೀ. ಎತ್ತರದಲ್ಲಿ ಸೊನ್ನೆ ಡಿಗ್ರಿ. ಅದರ ಮೇಲೆ ಪುಟ್ಟ ಆಲಿಕಲ್ಲಿನಂತಹ ಕಾಳುಗಳು ಮಂಜಿನ ಹರಳುಗಳಿಗೆ ತಾಗಿ ತಾಗಿ ಮೋಡದಲ್ಲಿ ಕರೆಂಟು ತುಂಬುತ್ತದೆ. ತಲೆ ಮಸುಕಾದ ಮೋಡದಿಂದ ಮಿಂಚು ಬರಲು ಹೆಚ್ಚು ಹೊತ್ತು ಬೇಡ. ಆಗ ಹಪ್ಪಳ ಒಳಗಿಡಿ. ಅದಕ್ಕೆ ಮೊದಲು ಇಡುವುದು ಬೇಡ.

ಮನೆಯಲ್ಲಿ ಹಳೆ ಮೀಡಿಯಂ ವೇವ್ ರೇಡಿಯೋ ಇದ್ದರೆ ಅದನ್ನೂ ಹಾಕಿ ನೋಡಿ. ನನ್ನ ಅಜ್ಜ ಹೀಗೆಯೇ ಹೇಳುತ್ತಿದ್ದರು: ರೇಡಿಯೋ ಚಟಚಟ ಅಂದರೆ ಅಡಿಕೆ ಒಟ್ಟು ಮಾಡಿ. ಮಿಂಚಿನ ರೇಡಿಯೋ ಅಲೆ ಬಹಳ ದೂರದಿಂದ ಬರುತ್ತದೆ, ಗುಡುಗು ಕೇಳುವುದಕ್ಕೆ ಎಷ್ಟೋ ಮೊದಲು. ಚಟಚಟ ಹತ್ತಿರ ಹತ್ತಿರ ಆದಷ್ಟೂ ಮೋಡ ಚುರುಕಾಗಿದೆ ಅಂತ ಲೆಕ್ಕ.

ಕುಂಬಳೆ ರಿಕ್ಷಾ:

ಅಷ್ಟು ಹೊತ್ತು ಆಕಾಶ ನೋಡಲು ನನಗೆ ಆಗುವುದಿಲ್ಲ. ಆ್ಯಪ್ ಯಾವುದು ಒಳ್ಳೆಯದು?

ಪೆರ್ಲ ಮಾಷ್ಟ್ರು:

ದಾಮಿನಿ ಹಾಕಿಕೊಳ್ಳಿ. ಪುಣೆಯ ಐಐಟಿಎಂ ಅನ್ನುವ ಹವಾಮಾನ ಸಂಶೋಧನಾ ಸಂಸ್ಥೆಯದ್ದು. ದೇಶದ ಅಲ್ಲಲ್ಲಿ ಇಟ್ಟ ಯಂತ್ರಗಳು ಸಿಡಿಲಿನ ಅಲೆ ಹಿಡಿದು ಎಲ್ಲಿ ಬಿತ್ತು ಅಂತ ತೋರಿಸುತ್ತವೆ, ನಿಮ್ಮ ಸುತ್ತ 20 ಮತ್ತು 40 ಕಿ.ಮೀ. ವೃತ್ತದಲ್ಲಿ. ನೆನಪಿಡಿ, ಅದು ಆಗಲೇ ಬಿದ್ದದ್ದನ್ನು ತೋರಿಸುವುದು. ಮೊದಲ ಸಿಡಿಲೇ ನಿಮ್ಮ ಮೇಲೆ ಬಿದ್ದರೆ ಅದಕ್ಕೆ ಗೊತ್ತಿರುವುದಿಲ್ಲ. ಇಲಾಖೆ ಮುಂದಿನ ಮೂರು ಗಂಟೆಗಳಿಗೆ ಕೊಡುವ ಮುನ್ಸೂಚನೆಯನ್ನೂ ಮಧ್ಯಾಹ್ನದ ಮೇಲೆ ಒಮ್ಮೆ ನೋಡಿ, ಅದರಲ್ಲಿ ಬಣ್ಣ ಬಂದರೆ ಬೆಳಗಿನ ಬಣ್ಣಕ್ಕಿಂತ ಅದಕ್ಕೆ ಬೆಲೆ ಜಾಸ್ತಿ.

ರಾಡಾರ್ ಚಿತ್ರ ನೋಡುವವರಿಗೆ ಒಂದು ಮಾತು. ಕೊಚ್ಚಿಯ ರಾಡಾರ್ ಕಾಸರಗೋಡಿನಿಂದ 300 ಕಿ.ಮೀ.ಗಿಂತ ದೂರ. ಭೂಮಿ ಬಾಗಿರುವ ಕಾರಣ ದೂರ ಹೋದಷ್ಟೂ ರಾಡಾರಿನ ಕಿರಣ ನೆಲ ಬಿಟ್ಟು ಮೇಲೇರುತ್ತದೆ, 250 ಕಿ.ಮೀ. ದೂರದಲ್ಲಿ ಸುಮಾರು 6 ಕಿ.ಮೀ. ಎತ್ತರ. ಆ ಚಿತ್ರದಲ್ಲಿ ನಮ್ಮ ಊರು ಖಾಲಿ ಕಂಡರೆ ಮೋಡ ಇಲ್ಲ ಅಂತ ತಿಳಿಯಬೇಡಿ. ಇನ್ಸಾಟ್ ಉಪಗ್ರಹದ ಚಿತ್ರ ನೋಡಿ.

ಮತ್ತೆ ನಿಮ್ಮ ರಿಕ್ಷಾ ಸಿಡಿಲಿಗೆ ಆಸರೆ ಅಲ್ಲ. ಬದಿ ತೆರೆದಿದೆ, ಮೇಲೆ ಬಟ್ಟೆ. ಗುಡುಗುವಾಗ ಪದವಿನ ಮೇಲೆ, ಅಂದರೆ ಬೋಳು ಗುಡ್ಡೆಯಲ್ಲಿ, ನಿಲ್ಲಿಸಿ ಕೂರಬೇಡಿ. ಮುಚ್ಚಿದ ಕಾರು, ಬಸ್ಸು, ಗಟ್ಟಿ ಮನೆ, ಇಷ್ಟೇ.

ಬದಿಯಡ್ಕ ವಯರಿಂಗ್:

ನನ್ನ ಕೆಲಸದ್ದು ಎರಡು ಮಾತು. ಪ್ಲಗ್ ಕೀಳುವುದು ಗುಡುಗು ದೂರ ಇರುವಾಗ. ತಲೆ ಮೇಲೆ ಬಂದ ಮೇಲೆ ಸ್ವಿಚ್ ಬೋರ್ಡಿಗೆ ಕೈ ಹಾಕಬೇಡಿ. ಟಿವಿ ಕಿತ್ತು ಡಿಶ್ ವಯರ್ ಹಾಗೆಯೇ ಬಿಡುವವರು ಬಹಳ ಜನ, ವೈಫೈ ವಯರೂ ಹಾಗೆ, ಸಿಡಿಲು ಅದರಲ್ಲೇ ಒಳಗೆ ಬರುವುದು. ಪಂಪಿನ ಸ್ಟಾರ್ಟರ್ ಸುಟ್ಟದ್ದನ್ನು ನಾನು ಪ್ರತಿ ಮೇ ತಿಂಗಳೂ ರಿಪೇರಿ ಮಾಡುತ್ತೇನೆ. ನನ್ನ ಮನೆಯದ್ದೂ ಒಮ್ಮೆ ಹೋಯಿತು, ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕದೆ ಬಿಟ್ಟಿದ್ದೆ, ನಮ್ಮ ಮುರಕಲ್ಲಿನ ನೆಲ ಒಣಗಿದರೆ ಅರ್ಥಿಂಗ್ ಹಿಡಿಯುವುದಿಲ್ಲ.

ಅಡೂರು ಹುಡುಗ:

ನನ್ನ ಅಮ್ಮನ ವಿಷಯ ಹೇಳುತ್ತೇನೆ. ಎಚ್ಚರಿಕೆ ಮೊಬೈಲಿಗೆ ಮಲಯಾಳದಲ್ಲಿ ಬರುತ್ತದೆ. ಅಮ್ಮನಿಗೆ ಮಲಯಾಳ ಮಾತು ಅರ್ಥ ಆಗುತ್ತದೆ, ಅಕ್ಷರ ಓದಲು ಬರುವುದಿಲ್ಲ. ನಾನು ಮಂಗಳೂರಿನಲ್ಲಿ ಕ್ಲಾಸಿನಲ್ಲಿರುತ್ತೇನೆ. ಅವರು ಗುಡ್ಡೆಯಲ್ಲಿ ಗೇರುಬೀಜ ಹೆಕ್ಕುತ್ತಿರುತ್ತಾರೆ. ಮೊಬೈಲು ಸದ್ದು ಮಾಡುತ್ತದೆ, ಅವರು ನೋಡಿ ಪುನಃ ಸೆರಗಿಗೆ ಸಿಕ್ಕಿಸುತ್ತಾರೆ. ನಮ್ಮಲ್ಲಿ ಇಂಥವರು ಎಷ್ಟೋ ಜನ.

ಪೆರ್ಲ ಮಾಷ್ಟ್ರು:

ಇದು ನನಗೆ ಬಹಳ ನೋವಿನ ವಿಷಯ. ಗಡಿನಾಡಿನಲ್ಲಿ ಎಚ್ಚರಿಕೆ ಕನ್ನಡದಲ್ಲೂ ಬರಬೇಕು ಅಂತ ನಾವು ಪಂಚಾಯತಿಯಲ್ಲಿ ಬರೆದು ಕೊಡಬೇಕು. ಕೇಳುವ ಹಕ್ಕು ನಮಗೆ ಉಂಟು. ಅದರ ತನಕ ಯಾರಾದರೂ ಓದಿ ಹೇಳಿದಾಗ ಈ ಮಾತುಗಳಿಗೆ ಕಿವಿ ಕೊಡಿ ಅಂತ ಹಿರಿಯರಿಗೆ ಹೇಳಿಕೊಡಿ: "ಇಡಿಮಿನ್ನಲ್" ಅಂದರೆ ಗುಡುಗು ಸಿಡಿಲು, "ಒಟ್ಟಪ್ಪೆಟ್ಟ" ಅಂದರೆ ಒಂದೆರಡು ಕಡೆ, "ಕಾಟ್ಟ್" ಗಾಳಿ. ಇಡಿಮಿನ್ನಲ್ ಅಂದ ದಿನ ಎರಡು ಗಂಟೆಯ ಮೇಲೆ ಗುಡ್ಡೆಗೆ ಹೋಗುವುದು ಬೇಡ. ಗುಡುಗು ಕೇಳಿತು ಅಂದರೆ ನೀವು ಆಗಲೇ ಅದರ ಕೈಗೆ ಸಿಗುವಷ್ಟು ಹತ್ತಿರ ಇದ್ದೀರಿ. ಮಳೆ ಬೀಳುವ ಜಾಗದಿಂದ 10 ಕಿ.ಮೀ. ಆಚೆಗೂ ಸಿಡಿಲು ಬೀಳುತ್ತದೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಒಳಗೇ ಇರಿ. ಯಾರಿಗಾದರೂ ಬಡಿದರೆ ಮುಟ್ಟಲು ಹೆದರಬೇಡಿ, ಮೈಯಲ್ಲಿ ಕರೆಂಟು ಉಳಿಯುವುದಿಲ್ಲ. ಉಸಿರು ನಿಂತಿದ್ದರೆ ಎದೆ ಒತ್ತುತ್ತಾ 108ಕ್ಕೆ ಫೋನ್ ಮಾಡಿಸಿ.

ಬಾಯಾರು ತೋಟ:

ಪತ್ತನಾಜೆಗೆ, ಅಂದರೆ ತುಳು ತಿಂಗಳು ಬೇಶದ ಹತ್ತಕ್ಕೆ, ಹತ್ತು ಹನಿ ಆದರೂ ಬೀಳಬೇಕು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಆಟ, ಕೋಲ ಎಲ್ಲ ಅಲ್ಲಿಗೆ ನಿಲ್ಲುತ್ತದೆ. ಅದಾದ ಮೇಲೆ ಈ ಸಿಡಿಲು ಕಡಿಮೆ ಆಗುತ್ತದಾ?

ಪೆರ್ಲ ಮಾಷ್ಟ್ರು:

ಮಳೆಗಾಲ ಸರಿಯಾಗಿ ಹಿಡಿದ ಮೇಲೆ ಕಡಿಮೆ. ಆಗ ಪಡುವಣ ಗಾಳಿ ದಪ್ಪವಾಗಿ ಬರುತ್ತದೆ, ನೆಲ ತಣ್ಣಗಾಗುತ್ತದೆ, ಮೋಡದೊಳಗೆ ಮೇಲೇರುವ ಗಾಳಿಗೆ ಆ ಬಿರುಸು ಇರುವುದಿಲ್ಲ. ಮಳೆಗಾಲ ಬಂತು ಅಂತ ಘೋಷಿಸಲು ಇಲಾಖೆ ನೋಡುವ 14 ಊರುಗಳಲ್ಲಿ ನಮ್ಮ ಕೂಡ್ಲು ಒಂದು, ಮಂಗಳೂರು ಇನ್ನೊಂದು. ಮೇ 10 ಕಳೆದ ಮೇಲೆ ಅವುಗಳಲ್ಲಿ ನೂರಕ್ಕೆ 60 ಕಡೆ ಎರಡು ದಿನ ಸತತವಾಗಿ 2.5 ಮಿ.ಮೀ. ಆದರೂ ಬೀಳಬೇಕು, ಗಾಳಿಯದ್ದೂ ಮೋಡದ್ದೂ ಬೇರೆ ಲೆಕ್ಕ ಕೂಡಬೇಕು. ವಾಡಿಕೆ ಜೂನ್ 1. 2024ರಲ್ಲಿ ಮೇ 30, 2025ರಲ್ಲಿ ಮೇ 24, ಅಂದರೆ ಪತ್ತನಾಜೆಯ ಹೊತ್ತಿಗೇ. ಅದರ ಹಿಂದಿನ ಎರಡು ಮೂರು ವಾರವೇ ನಮಗೆ ಅಪಾಯದ್ದು.

ಅಡೂರು ಹುಡುಗ:

ಸರ್, ಒಂದು ಉಪಾಯ. ಮೋಡ ಮೂಡಿನಿಂದ ಬರುವುದಾದರೆ ಮೊದಲು ಕಾಣುವುದು ನಮಗೆ. ನಾವು ಇಲ್ಲಿ ಬರೆದರೆ ಮುಳ್ಳೇರಿಯದವರಿಗೆ ಅರ್ಧ ಗಂಟೆ, ಕುಂಬಳೆಯವರಿಗೆ ಒಂದು ಗಂಟೆ ಸಿಗುತ್ತದೆ ಅಲ್ವಾ? ಸಮಯ, ಊರು, ಯಾವ ದಿಕ್ಕು, ಇಷ್ಟು ಮಾತ್ರ ಬರೆಯೋಣ.

ಪೆರ್ಲ ಮಾಷ್ಟ್ರು:

ಇವತ್ತಿನಿಂದಲೇ ಶುರುಮಾಡುವ. ಬೆಳಗ್ಗೆ ನೋಡಿದ್ದೇನೆ, 3000 ಮೀಟರಿನಲ್ಲಿ ಮೂಡಣ ಗಾಳಿ.

ಅಡೂರು ಹುಡುಗ:

3:20. ರಜೆಗೆ ಮನೆಯಲ್ಲಿದ್ದೇನೆ. ಸುಳ್ಯ ಕಡೆ ಎತ್ತರದ ಮೋಡ, ತಲೆ ಮಸುಕಾಗಿದೆ. ಗುಡುಗು ಇಲ್ಲ. ಅಮ್ಮನನ್ನು ಗುಡ್ಡೆಯಿಂದ ಕರೆದೆ.

ಅಡೂರು ಹುಡುಗ:

3:50. ಮೊದಲ ಗುಡುಗು. ತಣ್ಣನೆ ಗಾಳಿ ಬಂತು.

ಮುಳ್ಳೇರಿಯ ಅಕ್ಕ:

4:05. ಹಪ್ಪಳ ಒಳಗಿಟ್ಟೆ. ಬಿಸಿಲು ಇನ್ನೂ ಉಂಟು, ಆದರೂ ಇಟ್ಟೆ.

ಮುಳ್ಳೇರಿಯ ಅಕ್ಕ:

4:25. ಕತ್ತಲೆ ಆಯಿತು. ಮಿಂಚು ಕಂಡು ಹದಿನೈದು ಎಣಿಸುವಾಗ ಗುಡುಗು. ಮೂರು ಸೆಕೆಂಡಿಗೆ ಒಂದು ಕಿ.ಮೀ. ಅಲ್ವಾ ಮಾಷ್ಟ್ರೇ, ಐದು ಕಿ.ಮೀ.

ಬದಿಯಡ್ಕ ವಯರಿಂಗ್:

4:40. ಕಂಬ ಹತ್ತುವ ಕೆಲಸ ನಿಲ್ಲಿಸಿದೆವು. ಮೂಡು ಕಪ್ಪು.

ಕುಂಬಳೆ ರಿಕ್ಷಾ:

5:15. ಇಲ್ಲಿ ಗಾಳಿ ಮಾತ್ರ, ಮಿಂಚು ಮಧೂರು ಕಡೆ. ರಿಕ್ಷಾ ಸ್ಟ್ಯಾಂಡಿನಲ್ಲಿ ಬಿಟ್ಟು ಎಲ್ಲರೂ ಅಂಗಡಿಯ ಒಳಗೆ ಇದ್ದೇವೆ. ಮಂಜೇಶ್ವರದವರು ನೋಡಿಕೊಳ್ಳಿ.

ಮಂಜೇಶ್ವರ ಕಡಲು:

5:20. ನೋಡಿದೆ. ದೋಣಿ ಮೇಲೆ ಎಳೆದಾಯಿತು.